ಬ್ಯಾಕಪ್ ಇದೆ, ತೆರೆದು ನೋಡಿದವರಾರು?

1998ರಲ್ಲಿ ಅಮೆರಿಕದ ಪಿಕ್ಸಾರ್ ಸ್ಟುಡಿಯೊದಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಕೆಲಸ ಭರದಿಂದ ಸಾಗಿತ್ತು. ಒಂದು ದಿನ ಯಾರೋ ಸರ್ವರ್‌ನಲ್ಲಿ ಅಳಿಸಬಾರದ ಜಾಗಕ್ಕೆ ಅಳಿಸುವ ಆದೇಶ ಕೊಟ್ಟುಬಿಟ್ಟರು. ವುಡಿ ಎಂಬ ಪಾತ್ರದ ಫೈಲ್‌ಗಳನ್ನು ನೋಡುತ್ತಿದ್ದವರ ಕಣ್ಣೆದುರೇ ಮೊದಲು ಅವನ ಟೋಪಿ ಮಾಯವಾಯಿತು, ಆಮೇಲೆ ಬೂಟು, ಕೊನೆಗೆ ವುಡಿಯೇ ಇಲ್ಲ. ಸರ್ವರ್‌ನ ಪ್ಲಗ್ ಕೀಳುವಷ್ಟರಲ್ಲಿ ಚಿತ್ರದ ಸುಮಾರು ಶೇ 90 ಭಾಗ ಅಳಿಸಿಹೋಗಿತ್ತು.

ಬ್ಯಾಕಪ್ ವ್ಯವಸ್ಥೆ ಇತ್ತು. ಆದರೆ ಕೆಲವು ವಾರಗಳಿಂದ ಅದು ಸರಿಯಾಗಿ ನಡೆಯುತ್ತಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಚಿತ್ರವನ್ನು ಉಳಿಸಿದ್ದು ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರ್. ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡಲೆಂದು ಅವರು ಚಿತ್ರದ ಒಂದು ಪ್ರತಿಯನ್ನು ಅಲ್ಲಿ ಇರಿಸಿಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಜೋಪಾನವಾಗಿ ಸ್ಟುಡಿಯೊಗೆ ತರಲಾಯಿತು.

ದೊಡ್ಡ ಸ್ಟುಡಿಯೊದಲ್ಲೇ ಹೀಗಾದರೆ, ಮೂರು–ನಾಲ್ಕು ಮಂದಿ ಸೇರಿ ನಡೆಸುವ ಎಡಿಟಿಂಗ್ ಕೋಣೆಯ ಗತಿಯೇನು? ಮದುವೆ ವಿಡಿಯೊ, ಕಿರುಚಿತ್ರ, ಯೂಟ್ಯೂಬ್ ವಾಹಿನಿ, ಸಾಕ್ಷ್ಯಚಿತ್ರ ಎಲ್ಲವೂ ಅಲ್ಲಿ ಕೆಲವೇ ಹಾರ್ಡ್ ಡಿಸ್ಕ್‌ಗಳ ಮೇಲೆ ನಿಂತಿರುತ್ತವೆ. 4ಕೆ ಗುಣಮಟ್ಟದಲ್ಲಿ, ಸೆಕೆಂಡಿಗೆ 25 ಫ್ರೇಮ್‌ನಂತೆ ‘ಪ್ರೋರೆಸ್ 422 ಎಚ್‌ಕ್ಯೂ’ ಮಾದರಿಯಲ್ಲಿ ಚಿತ್ರೀಕರಿಸಿದರೆ ಒಂದು ಗಂಟೆಗೆ ಸುಮಾರು 330 ಜಿಬಿ ಬೇಕು. ಹನ್ನೆರಡು ಗಂಟೆಯ ಫೂಟೇಜ್‌ಗೆ 4 ಟಿಬಿ ಡಿಸ್ಕ್ ಭರ್ತಿ. ಜಾಗ ಸಾಲದೆ ಹಳೆಯದನ್ನು ಅವಸರದಲ್ಲಿ ಅಳಿಸುವಾಗಲೇ ಅನಾಹುತ ಆಗುವುದು.

ಅಪಾಯ ಶುರುವಾಗುವುದು ಮೆಮೊರಿ ಕಾರ್ಡ್‌ನಿಂದ. ಶೂಟಿಂಗ್ ಮುಗಿದ ರಾತ್ರಿ ದಣಿದ ಸಹಾಯಕ ಕಾರ್ಡ್‌ನಲ್ಲಿರುವುದನ್ನು ಲ್ಯಾಪ್‌ಟಾಪ್‌ಗೆ ಎಳೆದು ಹಾಕುತ್ತಾನೆ. ಕಾಪಿ ಮುಗಿಯಿತೆಂದು ತೆರೆ ಹೇಳಿದ ಕೂಡಲೇ ಕಾರ್ಡ್ ಫಾರ್ಮ್ಯಾಟ್ ಆಗುತ್ತದೆ. ಎರಡು ಕಡೆಯ ಫೈಲ್‌ಗಳೂ ಒಂದೇ ತೆರನಾಗಿವೆಯೇ ಎಂದು ಹೋಲಿಸಿ ನೋಡುವ ಕೆಲಸ ಅಲ್ಲಿ ಆಗಿರುವುದಿಲ್ಲ. ಚೆಕ್‌ಸಮ್ ಸೌಲಭ್ಯವುಳ್ಳ ತಂತ್ರಾಂಶ ಮಾಡುವುದು ಇದನ್ನೇ: ಮೂಲಕ್ಕೂ ನಕಲಿಗೂ ಒಂದೊಂದು ಗುರುತಿನ ಸಂಖ್ಯೆ ಲೆಕ್ಕ ಹಾಕಿ ತಾಳೆ ನೋಡುತ್ತದೆ, ಒಂದೇ ಒಂದು ಬಿಟ್ ಬದಲಾಗಿದ್ದರೂ ಸಂಖ್ಯೆ ಹೊಂದುವುದಿಲ್ಲ. ವಿಡಿಯೊ ಫೈಲ್‌ಗಳನ್ನಷ್ಟೇ ಆರಿಸಿಕೊಳ್ಳದೆ ಕಾರ್ಡ್‌ನ ಇಡೀ ಫೋಲ್ಡರನ್ನು ನಕಲಿಸಬೇಕು. ಎರಡು ಬೇರೆ ಡಿಸ್ಕ್‌ಗಳಲ್ಲಿ ಪ್ರತಿ ಕೂತು, ತಾಳೆಯೂ ಆಗುವವರೆಗೆ ಕಾರ್ಡ್‌ನ ಮೇಲೆ ಕೆಂಪು ಟೇಪ್ ಇರಲಿ.

ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿದ ರೇಡ್ ಪೆಟ್ಟಿಗೆ ಇದೆ, ಇನ್ನೇನು ಭಯ ಎನ್ನುವವರಿದ್ದಾರೆ. ರೇಡ್ 5ರಲ್ಲಿ ಒಂದು ಡಿಸ್ಕ್ ಕೈಕೊಟ್ಟರೂ ಕೆಲಸ ನಿಲ್ಲುವುದಿಲ್ಲ, ನಿಜ. ಆದರೆ ಕೈತಪ್ಪಿ ಅಳಿಸಿದ ಫೈಲ್ ಎಲ್ಲ ಡಿಸ್ಕ್‌ಗಳಿಂದಲೂ ಒಟ್ಟಿಗೇ ಹೋಗುತ್ತದೆ. ಕುತಂತ್ರಾಂಶ ಹೊಕ್ಕರೂ ಅಷ್ಟೇ. ರೇಡ್ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ಅದು ಬ್ಯಾಕಪ್ ಅಲ್ಲ.

ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಸೂತ್ರ ಸಣ್ಣವರಿಗೂ ನಿಲುಕುವಂಥದ್ದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಕೊನೆಯ ಮಾತಿನ ತೂಕ ಜಪಾನಿನ ಕ್ಯೋಟೊ ಆನಿಮೇಷನ್ ದುರಂತದಲ್ಲಿ ಕಾಣುತ್ತದೆ. 2019ರ ಜುಲೈ 18ರಂದು ಅಲ್ಲಿ ಹಚ್ಚಿದ ಬೆಂಕಿಗೆ 36 ಮಂದಿ ಬಲಿಯಾದರು. ಆ ದುಃಖದ ನಡುವೆ, ಕಾಂಕ್ರೀಟ್ ಗೋಡೆಯ ಕೋಣೆಯಲ್ಲಿದ್ದ ಸರ್ವರ್‌ನಿಂದ ಡಿಜಿಟಲ್ ದತ್ತಾಂಶ ಮರಳಿ ಸಿಕ್ಕಿತು. ಅಂಥ ಗೋಡೆ ಬಾಡಿಗೆ ಕೋಣೆಗಳಿಗೆ ಎಲ್ಲಿಂದ ಬರಬೇಕು?

ಹೊರಗಿನ ಪ್ರತಿ ಸದಾ ಇಂಟರ್‌ನೆಟ್‌ಗೆ ಜೋಡಿಸಿಕೊಂಡಿರುವುದೂ ಕ್ಷೇಮವಲ್ಲ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ಹಳೆಯ ‘ಮೈ ಬುಕ್ ಲೈವ್’ ಸಾಧನಗಳಿಗೆ ದೂರದಿಂದಲೇ ನುಗ್ಗಿದವರು ಅನೇಕರ ದತ್ತಾಂಶವನ್ನು ಪೂರ್ತಿ ಅಳಿಸಿಹಾಕಿದರು. ಇನ್ನು ಕ್ಲೌಡ್: 330 ಜಿಬಿ ಕಳಿಸಲು 50 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ ಸುಮಾರು 15 ಗಂಟೆ ಬೇಕು. ಹಾಗಾಗಿ ಪ್ರಾಜೆಕ್ಟ್ ಫೈಲ್, ಧ್ವನಿ, ಅಂತಿಮ ಮಾಸ್ಟರ್ ಕ್ಲೌಡ್‌ಗೆ ಹೋಗಲಿ. ಭಾರೀ ಫೂಟೇಜ್ ಇರುವ ಡಿಸ್ಕ್ ತಂತಿ ಕಳಚಿಕೊಂಡು ಪಾಲುದಾರರೊಬ್ಬರ ಮನೆಯ ಕಪಾಟು ಸೇರಲಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿ ಬೇಕು. ಎಡಿಟಿಂಗ್ ಮೇಜಿಗೆ ಯುಪಿಎಸ್ ಇಲ್ಲದಿದ್ದರೆ, ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಫೈಲ್ ಕೆಡಬಹುದು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಅದರ ಪ್ರತಿ ಉಳಿದಿಲ್ಲ. ಇಂದು ಜನಪದ ಗಾಯಕರ ಹಾಡು, ರಾತ್ರಿಯಿಡೀ ನಡೆಯುವ ಯಕ್ಷಗಾನ, ಊರಿನ ಹಿರಿಯರ ಮಾತು ದಾಖಲಾಗುತ್ತಿರುವುದು ಬಹುಪಾಲು ಇಂಥ ಸಣ್ಣ ಕೋಣೆಗಳಲ್ಲೇ. ಮತ್ತೆ ಚಿತ್ರೀಕರಿಸೋಣವೆಂದರೆ ಆ ದನಿಗಳೇ ಇಲ್ಲದಿರಬಹುದು.

ಬ್ಯಾಕಪ್ ನಿಜಕ್ಕೂ ತೆರೆಯುತ್ತದೆಯೇ ಎಂಬ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. ತಿಂಗಳಿಗೊಮ್ಮೆ ಹಳೆಯ ಒಂದು ಕೆಲಸವನ್ನು ಆರಿಸಿ, ಹೊರಗಿಟ್ಟ ಪ್ರತಿಯನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆಯಬೇಕು. ಧ್ವನಿ, ಫಾಂಟ್, ಗ್ರಾಫಿಕ್ಸ್ ಎಲ್ಲ ಕೂಡಿಕೊಳ್ಳುತ್ತವೆಯೇ ನೋಡಿ, ಒಂದು ನಿಮಿಷ ರೆಂಡರ್ ಮಾಡಿ, ನೋಡಿದವರ ಹೆಸರು, ದಿನಾಂಕ ಬರೆದಿಡಬೇಕು. ಈ ಡಿಸ್ಕ್‌ಗಳ ಖರ್ಚನ್ನೂ, ಫೂಟೇಜ್ ಎಷ್ಟು ವರ್ಷ ಕಾಯ್ದಿಡಲಾಗುತ್ತದೆ ಎಂಬುದನ್ನೂ ಗ್ರಾಹಕರಿಗೆ ಕೊಡುವ ಕೊಟೇಶನ್‌ನಲ್ಲೇ ನಮೂದಿಸಿದರೆ, ಅಳಿಸುವ ದಿನ ಬಂದಾಗ ಅವರನ್ನು ಕೇಳಿಯೇ ಅಳಿಸಬಹುದು.