‘ಪೌತಿ’ ಎಂಬ ಮಾತಿನ ಅರ್ಥ ತಿಳಿದಿರಲಿ

‘ಜಮೀನು ನನ್ನ ಹೆಸರಿಗೆ ಪೌತಿಯಾಗಿದೆ, ಇನ್ನು ಯಾರೂ ಕೇಳುವಂತಿಲ್ಲ’ ಎಂಬ ಮಾತನ್ನು ನೀವು ಕೇಳಿರಬಹುದು. ಈ ತಿಳಿವಳಿಕೆ ಸರಿಯಲ್ಲ. ಇದರಿಂದ ಒಡಹುಟ್ಟಿದವರು ನ್ಯಾಯಾಲಯದ ಮೆಟ್ಟಿಲು ಹತ್ತುವುದುಂಟು.

ಮಾತಿನ ಮೂಲ

‘ಫೌತ್’ ಅರಬ್ಬೀ ಮಾತು, ಸಾವು ಎಂದರ್ಥ. ತಹಶೀಲ್ದಾರ್, ತಕರಾರು ಮುಂತಾದ ಮಾತುಗಳಂತೆ ಇದೂ ಪಾರಸಿಯ ಮೂಲಕ ಕಂದಾಯ ಕಡತ ಸೇರಿ, ಹಳ್ಳಿಗರ ಬಾಯಲ್ಲಿ ‘ಪೌತಿ’, ‘ಪವತಿ’ ಎಂದಾಯಿತು. ‘ಖಾತೆದಾರ ಫೌತಿ’ ಎಂದಿದ್ದರೆ ಆತ ತೀರಿಕೊಂಡಿದ್ದಾನೆ ಎಂದಷ್ಟೇ ತಿಳಿಯಬೇಕು. ತೀರಿಕೊಂಡವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸುವುದೇ ಪೌತಿ ಖಾತೆ. ಉತ್ತರ ಕರ್ನಾಟಕದ ಕೆಲವೆಡೆ ಇದನ್ನೇ ‘ವಾರಸಾ’ ಎನ್ನುತ್ತಾರೆ. ‘ಪಾವತಿ’ ಬೇರೆ ಮಾತು. ಕಂದಾಯ ಕಟ್ಟಿದ ರಸೀದಿ ಕೈಯಲ್ಲಿದ್ದ ಮಾತ್ರಕ್ಕೆ ಪೌತಿಯಾದಂತಲ್ಲ.

ಖಾತೆ ಬೇರೆ, ಹಕ್ಕು ಬೇರೆ

ಖಾತೆ ಬದಲಾವಣೆಯಿಂದಲೇ ಮಾಲೀಕತ್ವ ಹುಟ್ಟುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹಲವು ಬಾರಿ ಹೇಳಿದೆ. ಹಕ್ಕು ಬರುವುದು ಕಾನೂನಿನಿಂದ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಮರಣಶಾಸನ ಬರೆಯದೆ ತೀರಿಕೊಂಡ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಪಾಲು ಪಡೆಯುತ್ತಾರೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕುಂಟೆಂದು 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ತೀರ್ಪಿತ್ತಿತು. ಆದ್ದರಿಂದ ಹಿರಿಯ ಮಗನೊಬ್ಬನ ಹೆಸರಿಗೆ ಪೌತಿಯಾದರೂ ಮದುವೆಯಾಗಿ ಹೋದ ತಂಗಿಯ ಪಾಲು ಅಳಿಯುವುದಿಲ್ಲ.

ಬೆಲೆ ಏರಿದಾಗ ತಕರಾರು

ಬೆಂಗಳೂರಿನ ಅತ್ತಿಗುಪ್ಪೆಯನ್ನು ನೋಡಿರಿ. ಹೆಸರಿನಲ್ಲಿ ಅತ್ತಿಮರವನ್ನು ಉಳಿಸಿಕೊಂಡಿರುವ ಈ ಹಳೆಯ ಹಳ್ಳಿ ಈಗ ನಗರದ ನಡುವಿನ ಬಡಾವಣೆ. 2015ರ ನವೆಂಬರಿನಲ್ಲಿ ಅಲ್ಲಿಗೆ ಮೆಟ್ರೋ ರೈಲೂ ಬಂದಿತು. ಎಕರೆ, ಗುಂಟೆಗಳ ಲೆಕ್ಕ ಹೋಗಿ ಚದರಡಿಯ ಲೆಕ್ಕ ಬಂತು. ನಿಮ್ಮೂರಿನ ಹತ್ತಿರಕ್ಕೂ ರಸ್ತೆಯೋ ಬಡಾವಣೆಯೋ ಬರಬಹುದು. ಬೆಲೆಯಿಲ್ಲದಾಗ ಯಾರೂ ಕೇಳದ ಪಾಲನ್ನು ಬೆಲೆ ಬಂದಾಗ ಎಲ್ಲರೂ ಕೇಳುತ್ತಾರೆ. ಆಗ ಪಹಣಿ ಅಜ್ಜನ ಹೆಸರಿನಲ್ಲೇ ಇದ್ದರೆ ಮೂರು ತಲೆಮಾರಿನ ವಾರಸುದಾರರನ್ನು ಹುಡುಕಬೇಕಾಗುತ್ತದೆ.

ನೀವು ಮಾಡಬೇಕಾದುದು

ವಾರಸಿನಿಂದ ಬಂದ ಹಕ್ಕನ್ನು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 128ನೇ ಕಲಮು ಹೇಳುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿಗಳೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿರಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿರಿ. ಪಾಲು ಬೇಡವೆನ್ನುವವರ ಬಾಯಿಮಾತು ಸಾಲದು. ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಸಿರಿ. ಜಂಟಿ ಖಾತೆಯಾದ ಮೇಲೂ ಬೇರೆ ಬೇರೆ ಪಾಲಾಗಬೇಕಾದರೆ ವಿಭಾಗ ಮಾಡಿಕೊಳ್ಳಬೇಕು.

ಹಾಗಾದರೆ ಪೌತಿಯಿಂದ ಪ್ರಯೋಜನವೇನು? ಸಹಕಾರ ಸಂಘದ ಸಾಲ, ಬೆಳೆನಷ್ಟ ಪರಿಹಾರ, ಭೂಸ್ವಾಧೀನದ ನೋಟೀಸು ಎಲ್ಲವೂ ದಾಖಲೆಯಲ್ಲಿರುವ ಹೆಸರನ್ನೇ ಹುಡುಕುತ್ತವೆ. ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನ ಹೂಡಿದ್ದೂ ಇದಕ್ಕಾಗಿಯೇ. ಇಂದೇ ನಿಮ್ಮ ಪಹಣಿ ತೆಗೆಸಿ ನೋಡಿರಿ. ಅದರಲ್ಲಿ ತೀರಿಕೊಂಡವರ ಹೆಸರಿದ್ದರೆ, ಮನೆಯ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಮಾತಾಡಿ, ಆಮೇಲೆ ಅರ್ಜಿ ಬರೆಯಿರಿ.