ಪ್ರಶ್ನೆಯ ದೀಕ್ಷೆ ಕೊಟ್ಟ ಮೇಷ್ಟರು

1935ನೆಯ ಇಸವಿ. ಗೌರಿಬಿದನೂರಿನ ಬಳಿಯ ಹೊಸೂರೆಂಬ ಹಳ್ಳಿಯಿಂದ ಹದಿನೈದು ವರ್ಷದ ಹುಡುಗನೊಬ್ಬ ಬೆಂಗಳೂರಿಗೆ ಹೊರಟ. ಊರಿನ ಶಾಲೆಯ ಓದು ಮುಗಿದಿತ್ತು. ಮುಂದಿನ ವಿದ್ಯಾಭ್ಯಾಸಕ್ಕೆ ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರಬೇಕೆಂಬ ಹಂಬಲ ಮನಸ್ಸಿನಲ್ಲಿತ್ತು. ಬಸ್ಸಿಗೆ ಕೊಡಲು ಕೈಯಲ್ಲಿ ಕಾಸಿರಲಿಲ್ಲ. ಐವತ್ತು ಮೈಲಿಗೂ ಮಿಕ್ಕ ಹಾದಿಯನ್ನು ಆ ಹುಡುಗ ಕಾಲ್ನಡಿಗೆಯಲ್ಲಿಯೇ ಕ್ರಮಿಸಿದ. ಆ ಸೀಮೆಯಿಂದ ರಾಜಧಾನಿಗೆ ಬರುವ ಹೆದ್ದಾರಿ ನಮ್ಮ ದೊಡ್ಡಬಳ್ಳಾಪುರವನ್ನೂ ಯಲಹಂಕವನ್ನೂ ಹಾದು ಬರುತ್ತದೆ. ವಾಹನದಲ್ಲಿ ಕುಳಿತು ಎರಡು ಗಂಟೆಯ ಪ್ರಯಾಣಕ್ಕೇ ಬೇಸರಪಡುವ ನಮಗೆ ಆ ನಡಿಗೆಯ ಅರ್ಥ ಸುಲಭವಾಗಿ ಆಗುವಂಥದಲ್ಲ.

ಆ ಹುಡುಗನೇ ಮುಂದೆ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ನಾಡಿಗೆಲ್ಲ ಪರಿಚಿತರಾದ ಡಾ. ಎಚ್. ನರಸಿಂಹಯ್ಯನವರು. ‘ಎಚ್ಚೆನ್’ ಎಂದರೆ ಬೆಂಗಳೂರಿನ ಮನೆಮನೆಗೂ ಗೊತ್ತು. ಖಾದಿಯ ಉಡುಪು, ತಲೆಯ ಮೇಲೆ ಗಾಂಧಿ ಟೋಪಿ, ಹಾಸ್ಟೆಲಿನ ಒಂದು ಕೋಣೆಯೇ ಮನೆ. 2005ರ ಜನವರಿ 31ರಂದು ಅವರು ತೀರಿಕೊಂಡಾಗ ಆಸ್ತಿಯೆಂದು ಹೇಳಿಕೊಳ್ಳುವಂಥದೇನೂ ಅವರದಾಗಿರಲಿಲ್ಲ. ಆದರೂ ಅವರು ನಮಗೊಂದು ಪಿತ್ರಾರ್ಜಿತವನ್ನು ಬಿಟ್ಟುಹೋಗಿದ್ದಾರೆ. ಅದನ್ನು ಅನುಭವಿಸುವ ಹಕ್ಕು ನಮಗೆ ಎಷ್ಟಿದೆಯೋ ಉಳಿಸಿಕೊಳ್ಳುವ ಹೊಣೆಯೂ ಅಷ್ಟೇ ಇದೆ. ಅದು ಯಾವುದೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಸೆರೆಮನೆಯಿಂದ ಪ್ರಯೋಗಶಾಲೆಗೆ

ನರಸಿಂಹಯ್ಯನವರು ಹುಟ್ಟಿದ್ದು 1920ರಲ್ಲಿ. ತಂದೆ ಹಳ್ಳಿಯ ಉಪಾಧ್ಯಾಯರು; ತಾಯಿ ಕೂಲಿಮಾಡಿ ಸಂಸಾರಕ್ಕೆ ಹೆಗಲು ಕೊಟ್ಟವರು. ಬೆಂಗಳೂರಿಗೆ ಬಂದ ಮೇಲೆ ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದುಕೊಂಡು ಓದು ನಡೆಯಿತು. 1936ರಲ್ಲಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಬೆಂಗಳೂರಿಗೆ ಬಂದ ಮಹಾತ್ಮರು ನ್ಯಾಷನಲ್ ಹೈಸ್ಕೂಲಿಗೂ ಭೇಟಿಕೊಟ್ಟರು. ಗಾಂಧೀಜಿಯವರ ಹಿಂದಿ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಭಾಗ್ಯ ಈ ಹಳ್ಳಿಯ ಹುಡುಗನದಾಯಿತು. ಆ ದಿನ ತಲೆಗೇರಿದ ಟೋಪಿ ಮತ್ತೆ ಇಳಿಯಲಿಲ್ಲವೆಂದು ಹೇಳಿದರೆ ಅಲಂಕಾರವಾದೀತು. ಆ ದಿನ ಹತ್ತಿದ ದೀಕ್ಷೆ ಕೊನೆಯವರೆಗೂ ಬಿಡಲಿಲ್ಲವೆಂಬುದು ಮಾತ್ರ ದಿಟ.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದುತ್ತಿದ್ದಾಗ 1942ರ ಚಳವಳಿ ಬಂತು. ನರಸಿಂಹಯ್ಯನವರು ಪುಸ್ತಕವನ್ನು ಮಡಿಸಿಟ್ಟು ಚಳವಳಿಗೆ ಧುಮುಕಿದರು. ಬೆಂಗಳೂರು, ಮೈಸೂರು, ಯರವಡಗಳ ಸೆರೆಮನೆಗಳನ್ನು ಕಂಡುಬಂದರು. ಅನಂತರ ಓದನ್ನು ಮುಂದುವರಿಸಿ, ಎಂ.ಎಸ್‌ಸಿ. ಪದವಿ ಪಡೆದು, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಆ ಕಾಲೇಜು ತೆರೆದು ಆಗಿನ್ನೂ ಒಂದೇ ವರ್ಷವಾಗಿತ್ತು. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಹೋಗಿ 1960ರಲ್ಲಿ ಪರಮಾಣು ಬೀಜದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಗಳಿಸಿದರು.

ಅಮೆರಿಕದ ಡಾಕ್ಟರೇಟು ಕೈಯಲ್ಲಿದ್ದವರಿಗೆ ಅಂದಿನ ದಿನಗಳಲ್ಲಿ ಬಾಗಿಲುಗಳಿಗೆ ಕೊರತೆಯಿರಲಿಲ್ಲ. ಎಚ್ಚೆನ್ ಹಿಂತಿರುಗಿದ್ದು ಅದೇ ಬಸವನಗುಡಿಗೆ, ಅದೇ ಹಾಸ್ಟೆಲಿನ ಕೋಣೆಗೆ. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಉಪಕುಲಪತಿಗಳಾದಾಗಲೂ ಆ ಕೋಣೆಯೇ ಅವರ ಬಿಡಾರವಾಗಿತ್ತು.

ಪಾಠದ ಕೋಣೆಯ ಆಚೆಗೆ

ಭೌತಶಾಸ್ತ್ರದ ಪ್ರಾಧ್ಯಾಪಕರು ಹಲವರಿದ್ದಾರೆ. ಪಾಠ ಹೇಳುತ್ತಾರೆ, ಪ್ರಯೋಗ ಮಾಡಿಸುತ್ತಾರೆ, ಪರೀಕ್ಷೆ ನಡೆಸುತ್ತಾರೆ. ಲೋಲಕದ ಪ್ರಯೋಗದಲ್ಲಿ ಅರ್ಧ ಸೆಕೆಂಡು ತಪ್ಪಿದರೂ ಒಪ್ಪದ ವಿದ್ಯಾರ್ಥಿ ಪ್ರಯೋಗಶಾಲೆಯ ಬಾಗಿಲು ದಾಟಿದೊಡನೆ, ಯಾರೋ ಹೇಳಿದ ಯಾವ ಮಾತನ್ನಾದರೂ ಕಣ್ಣುಮುಚ್ಚಿ ನಂಬಬಲ್ಲ. ಒಳಗೊಂದು ಬುದ್ಧಿ, ಹೊರಗೊಂದು ಬುದ್ಧಿ! ಈ ದ್ವಂದ್ವವನ್ನು ಎಚ್ಚೆನ್ ಸಹಿಸಲಿಲ್ಲ. ಪ್ರಶ್ನಿಸಿ, ಪರೀಕ್ಷಿಸಿ, ಆಮೇಲೆ ಒಪ್ಪುವ ಕ್ರಮವು ಪ್ರಯೋಗಶಾಲೆಗೆ ಹೇಗೋ ಬಾಳಿಗೂ ಹಾಗೆಯೇ ಸಲ್ಲಬೇಕೆಂಬುದು ಅವರ ನಿಲುವು. ವಿಜ್ಞಾನದ ಪದವಿಗಿಂತ ವಿಜ್ಞಾನದ ಮನೋಧರ್ಮ ದೊಡ್ಡದೆಂದು ಅವರು ಬಗೆದಿದ್ದರು.

ಅದಕ್ಕಾಗಿಯೇ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಹುಟ್ಟಿತು. ವಾರಕ್ಕೊಂದು ಉಪನ್ಯಾಸ; ಜುಲೈ ತಿಂಗಳಲ್ಲಿ ವಿಜ್ಞಾನೋಪನ್ಯಾಸಗಳ ಉತ್ಸವ. ವಿಜ್ಞಾನಿಯು ಬಂದು ತನ್ನ ಕೆಲಸವನ್ನು ಜನಕ್ಕೆ ತಿಳಿಯುವಂತೆ ಹೇಳಬೇಕು. ಜನ ಕೇಳಬೇಕು, ಮತ್ತೆ ಪ್ರಶ್ನೆಯನ್ನೂ ಕೇಳಬೇಕು. ರಾಮೋತ್ಸವದ ಸಂಗೀತಕ್ಕೆ ಹೊತ್ತಿಗೆ ಮುಂಚೆ ಹೋಗಿ ಜಾಗ ಹಿಡಿಯುವ ಬೆಂಗಳೂರಿನ ಸಂಸಾರವಂದಿಗರಿಗೆ ವಿಜ್ಞಾನವೂ ಕೇಳಿ ಸವಿಯತಕ್ಕ ವಿಷಯವೆಂಬ ರುಚಿಯನ್ನು ಹತ್ತಿಸಿದವರು ಅವರು.

ನಡೆದುಬಂದ ಹಾದಿಯನ್ನೂ ಅವರು ಮರೆಯಲಿಲ್ಲ. ಬಡವರ ಮಕ್ಕಳು ಓದಿಗಾಗಿ ಐವತ್ತು ಮೈಲಿ ನಡೆಯಬೇಕಾದ ಕಾಲ ಮುಗಿಯಬೇಕೆಂದು ಕಾಲೇಜನ್ನೇ ಅವರ ಕಡೆಗೆ ನಡೆಸಿದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ತಲೆಯೆತ್ತಿದವು. ಹೊಸೂರಿಗೂ ಪ್ರೌಢಶಾಲೆ ಬಂತು. ವಿಶ್ವವಿದ್ಯಾನಿಲಯದಲ್ಲಿ ಸಂಗೀತ, ನೃತ್ಯ, ನಾಟಕಗಳಿಗೆ ಪೀಠ ಹಾಕಿಸಿದವರೂ ಈ ಭೌತವಿಜ್ಞಾನಿಯೇ. ವೈಚಾರಿಕರೆಂದರೆ ರಸವಿಹೀನರೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಪವಾಡಕ್ಕೆ ಪರೀಕ್ಷೆ

1976ರಲ್ಲಿ ನಡೆದ ಸಂಗತಿ ಅವರ ಹೆಸರನ್ನು ದೇಶದಾಚೆಗೂ ಒಯ್ದಿತು. ಉಪಕುಲಪತಿಗಳಾಗಿದ್ದ ಎಚ್ಚೆನ್, ಪವಾಡಗಳನ್ನೂ ಪರೀಕ್ಷೆಗೆ ಒಳಪಡಬಲ್ಲ ಇತರ ಮೂಢನಂಬಿಕೆಗಳನ್ನೂ ವಿಚಾರಿಸಲು ವಿಶ್ವವಿದ್ಯಾನಿಲಯದಿಂದ ಒಂದು ಸಮಿತಿಯನ್ನು ರಚಿಸಿದರು. ತಾವೇ ಅದರ ಅಧ್ಯಕ್ಷರಾದರು. ‘ಪರೀಕ್ಷೆಗೆ ಒಳಪಡಬಲ್ಲ’ ಎಂಬ ವಿಶೇಷಣವನ್ನು ಓದುಗರು ಲಕ್ಷ್ಯವಿಟ್ಟು ನೋಡಬೇಕು. ದೇವರಿದ್ದಾನೆಯೇ, ಮೋಕ್ಷವುಂಟೇ ಎಂಬುದು ಸಮಿತಿಯ ವಿಚಾರವಾಗಿರಲಿಲ್ಲ. ಬರಿಗೈಯಿಂದ ವಸ್ತುವೊಂದು ಹುಟ್ಟಿತೆಂದು ಯಾರಾದರೂ ಹೇಳಿದರೆ, ಆ ಮಾತು ಭಕ್ತಿಯ ಅಂಗಳವನ್ನು ದಾಟಿ ಭೌತಶಾಸ್ತ್ರದ ಅಂಗಳಕ್ಕೆ ಕಾಲಿಟ್ಟಂತೆ. ಅಲ್ಲಿ ತಕ್ಕಡಿಯಿದೆ, ಗಡಿಯಾರವಿದೆ, ಸಾಕ್ಷಿ ಕೇಳುವ ಪದ್ಧತಿಯಿದೆ.

ಒಂದು ಲೆಕ್ಕವನ್ನು ನೋಡೋಣ. ವಸ್ತು ಮತ್ತು ಶಕ್ತಿ ಒಂದೇ ನಾಣ್ಯದ ಎರಡು ಮುಖಗಳೆಂದು ಐನ್‌ಸ್ಟೈನರು 1905ರಲ್ಲಿ ತೋರಿಸಿದರು. ಅವರ ಸೂತ್ರದಂತೆ, ಒಂದು ಗ್ರಾಂ ತೂಕದ ವಸ್ತು ಹೊಸದಾಗಿ ಹುಟ್ಟಬೇಕಾದರೆ ಸುಮಾರು ಎರಡೂವರೆ ಕೋಟಿ ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಬೇಕು. ತಿಂಗಳಿಗೆ ನೂರು ಯೂನಿಟ್ ಉರಿಸುವ ಇಪ್ಪತ್ತು ಸಾವಿರ ಮನೆಗಳಿಗೆ ಅದು ಒಂದು ವರ್ಷಕ್ಕೆ ಸಾಕು. ಚಿಟಿಕೆ ವಿಭೂತಿಯ ಬೆಲೆ ಇಷ್ಟಾಗುವುದಾದರೆ, ಅದು ಎಲ್ಲಿಂದ ಬಂತೆಂದು ಭೌತಶಾಸ್ತ್ರದ ಮೇಷ್ಟರು ವಿಚಾರಿಸದೆ ಬಿಡುವುದು ಹೇಗೆ?

ಸಮಿತಿಯ ಪರವಾಗಿ ಎಚ್ಚೆನ್ ಅವರು ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರಗಳನ್ನು ಬರೆದು, ಪರೀಕ್ಷೆಯ ನಿಬಂಧನೆಗಳಿಗೆ ಒಳಪಟ್ಟು ಪವಾಡಗಳನ್ನು ತೋರಿಸುವಂತೆ ಕೋರಿದರು. ಪತ್ರಗಳಿಗೆ ಉತ್ತರ ಬರಲಿಲ್ಲ. ಪಾಂಡವಪುರದಲ್ಲಿ ಬಾಲಕನೊಬ್ಬ ವಿಭೂತಿ ಸೃಷ್ಟಿಸುತ್ತಾನೆಂಬ ಸುದ್ದಿ ಹಬ್ಬಿದಾಗ ಸಮಿತಿಯವರು ಅಲ್ಲಿಗೂ ಹೋಗಿ ನೋಡಿದರು. ವಿಭೂತಿ ಅಡಗಿದ್ದದ್ದು ಉಡುಪಿನಲ್ಲಿ.

ಪತ್ರಿಕೆಗಳಲ್ಲಿ ಭಾರಿ ಚರ್ಚೆಯೆದ್ದಿತು. ವಿಶ್ವವಿದ್ಯಾನಿಲಯಕ್ಕೆ ಈ ಉಸಾಬರಿಯೇಕೆಂದು ಕೇಳಿದವರುಂಟು. ತಮ್ಮ ಶ್ರದ್ಧೆಗೆ ನೋವಾಯಿತೆಂದು ನೊಂದವರೂ ಉಂಟು. ಆ ನೋವು ಸುಳ್ಳೆನ್ನಲಾಗದು. ಕಷ್ಟದಲ್ಲಿರುವ ಮನುಷ್ಯ ಯಾವುದೋ ಒಂದು ಆಸರೆಯನ್ನು ಹಿಡಿದುಕೊಂಡಿರುತ್ತಾನೆ. ಅದನ್ನು ಅಲ್ಲಾಡಿಸಿ ನೋಡುವವನ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಅದೇ ಕಷ್ಟದಲ್ಲಿರುವವನನ್ನೇ ಮೋಸಗಾರರು ಮೊದಲು ಹುಡುಕಿಕೊಂಡು ಬರುತ್ತಾರೆ. ಔಷಧಕ್ಕೆ ಇಟ್ಟ ಹಣ ಮಾಟದವನ ಪಾಲಾದ ಸಂಸಾರಗಳು ನಮ್ಮ ನಡುವೆ ಇಲ್ಲವೇ? ಪ್ರಶ್ನಿಸುವ ಶಕ್ತಿ ಪಂಡಿತನಿಗಿಂತ ಬಡವನಿಗೇ ಹೆಚ್ಚು ಅವಶ್ಯವೆಂಬುದನ್ನು ಕೂಲಿಯ ತಾಯಿಯ ಮಗನಾದ ಎಚ್ಚೆನ್ ಅರಿತಿದ್ದರು.

1977ರಲ್ಲಿ ಅವರ ಅಧಿಕಾರಾವಧಿ ಮುಗಿಯಿತು. ಸಮಿತಿಯೂ ಅದೇ ವರ್ಷ ವಿಸರ್ಜನೆಗೊಂಡಿತು. ಕಾಲದ ಒಂದು ಯೋಗಾಯೋಗವನ್ನು ಇಲ್ಲಿ ನೆನೆಯಬಹುದು. ಸಮಿತಿ ರಚಿತವಾದ 1976ರಲ್ಲಿಯೇ ಸಂವಿಧಾನದ 42ನೆಯ ತಿದ್ದುಪಡಿಯೂ ಆಗಿ, ವೈಜ್ಞಾನಿಕ ಮನೋಭಾವವನ್ನೂ ವಿಚಾರಬುದ್ಧಿಯನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ಸೇರಿತು. ಸಮಿತಿ ಹೋಯಿತು, ಕರ್ತವ್ಯ ಉಳಿದಿದೆ.

ಪ್ರಶ್ನೆ ಶ್ರದ್ಧೆಯ ಹಗೆಯೇ?

ಗಾಂಧೀಜಿಯವರು ಪ್ರಾರ್ಥನೆ ಬಿಡದವರು, ಎಚ್ಚೆನ್ ವಿಚಾರವಾದಿಗಳು. ಇವರಿಬ್ಬರಿಗೂ ಹೇಗೆ ಹೊಂದಿತೆಂದು ಕೆಲವರು ಕೇಳುವುದುಂಟು. ಮಹಾತ್ಮರು ತಮ್ಮ ಆತ್ಮಕಥೆಯನ್ನು ‘ಪ್ರಯೋಗ’ಗಳ ಕಥೆಯೆಂದು ಕರೆದರು. ಪ್ರಯೋಗವೆಂದರೆ ತಾನು ತಪ್ಪಿರಬಹುದೆಂದು ಒಪ್ಪಿಕೊಂಡು ತೊಡಗುವ ಕೆಲಸ. ಆ ಒಂದು ಶಬ್ದದಲ್ಲಿ ಗುರುಶಿಷ್ಯರು ಕೂಡಿದರೆನ್ನಬಹುದು.

ದೇವನಹಳ್ಳಿಯ ಸಮೀಪದ ನಮ್ಮ ನಲ್ಲೂರಿನಲ್ಲಿ ಐವತ್ತಕ್ಕೂ ಹೆಚ್ಚು ಎಕರೆಯ ಹುಣಸೆತೋಪೊಂದಿದೆ. ಮರಗಳು ಚೋಳರ ಕಾಲದವೆಂದು ಜನ ನಂಬುತ್ತಾರೆ. ಈ ನಂಬಿಕೆಯನ್ನು ಎಚ್ಚೆನ್ನರ ವಿದ್ಯೆ ಅಲ್ಲಗಳೆಯುವುದಿಲ್ಲ, ಸುಮ್ಮನೆ ಒಪ್ಪುವುದೂ ಇಲ್ಲ. ತಿಳಿಯುವ ದಾರಿಯನ್ನು ಹೇಳುತ್ತದೆ. ಗಾಳಿಯಿಂದ ಮರದೊಳಗೆ ಸೇರುವ ಇಂಗಾಲದಲ್ಲಿ ಒಂದು ಅತ್ಯಲ್ಪ ಭಾಗ ‘ಕಾರ್ಬನ್ 14’. ಅದು ಸುಮಾರು 5,730 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ತಿರುಳಿನ ಹಳೆಯ ಕಟ್ಟಿಗೆಯಲ್ಲಿ ಎಷ್ಟು ಉಳಿದಿದೆಯೆಂದು ಅಳೆದರೆ ಮರವೇ ತನ್ನ ವಯಸ್ಸನ್ನು ಹೇಳಬಲ್ಲದು. ಬಂದ ಉತ್ತರ ಎಷ್ಟೇ ಆಗಲಿ, ಆ ನೆರಳಿನಲ್ಲಿ ನಿಂತು ಕೈಮುಗಿಯುವವನ ಗೌರವ ಕುಂದಲು ಕಾರಣವಿಲ್ಲ. 2007ರಲ್ಲಿ ಈ ತೋಪು ಭಾರತದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಬಲ್ಲವರು ಬಂದು ನೋಡಿ ಬೆಲೆಕಟ್ಟಿದ್ದರಿಂದ ನಮ್ಮ ಹಿರಿಯರ ಅಭಿಮಾನಕ್ಕೆ ಬಲ ಬಂದಿತೇ ಹೊರತು ಭಂಗ ಬರಲಿಲ್ಲ.

ಉಳಿದ ಆಸ್ತಿ

ಎಚ್ಚೆನ್ ಅವರಿಗೆ 1984ರಲ್ಲಿ ಪದ್ಮಭೂಷಣ ಸಂದಿತು. ತಮ್ಮ ಬಾಳಿನ ಕಥೆಯನ್ನು ಅವರು ‘ಹೋರಾಟದ ಹಾದಿ’ ಎಂಬ ಹೆಸರಿನಲ್ಲಿ ಕನ್ನಡದಲ್ಲಿಯೇ ಬರೆದರು. ಯಾವ ಹೊಸ ಕಣಕ್ಕೂ, ಯಾವ ನಿಯಮಕ್ಕೂ ಅವರ ಹೆಸರು ಅಂಟಿಕೊಂಡಿಲ್ಲ. ಅವರು ಕಟ್ಟಿದ ಕಾಲೇಜುಗಳಿವೆ. ಅಲ್ಲಿ ಓದಿ ಬದುಕು ಕಂಡ ಹಳ್ಳಿಯ ಮಕ್ಕಳಿದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ, ಉತ್ತರಕ್ಕಿಂತ ಮೊದಲು ಪ್ರಶ್ನೆಯನ್ನು ಗೌರವಿಸಬೇಕೆಂಬ ಪಾಠವಿದೆ.

ಈ ಪಾಠಕ್ಕೆ ಕಾಲೇಜಿನ ಕಟ್ಟಡವೇ ಬೇಕೆಂದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಮಗು “ಯಾಕಮ್ಮ ಹೀಗೆ?” ಎಂದು ಕೇಳುತ್ತದೆ. ಕೆಲಸದ ಗಡಿಬಿಡಿಯಲ್ಲಿ “ಹಾಗೆಲ್ಲ ಕೇಳಬಾರದು” ಎಂದು ಗದರಿಸಿ ಕಳಿಸುವುದು ಸುಲಭ. “ನನಗೂ ಗೊತ್ತಿಲ್ಲ ಕಂದ, ಬಾ, ಇಬ್ಬರೂ ನೋಡೋಣ” ಎನ್ನುವುದಕ್ಕೆ ಸ್ವಲ್ಪ ತಾಳ್ಮೆಯೂ ಸ್ವಲ್ಪ ಧೈರ್ಯವೂ ಬೇಕು. ಹಾಗೆಂದ ಮನೆಯಲ್ಲಿ ಎಚ್ಚೆನ್ ಮೇಷ್ಟರ ತರಗತಿ ಇನ್ನೂ ನಡೆಯುತ್ತಿದೆಯೆಂದೇ ತಿಳಿಯಬೇಕು.