ನೆರೆ ಇಳಿದರೂ ಎಚ್ಚರ ಇಳಿಯದಿರಲಿ

ಆಟಿ ತಿಂಗಳ ಮಳೆ ಬಿಡದೆ ಹಿಡಿದರೆ ದಕ್ಷಿಣ ಕನ್ನಡದ ಹೊಳೆಬದಿಯ ಮನೆಗಳಲ್ಲಿ ಯಾರಿಗೂ ನೆಮ್ಮದಿಯ ನಿದ್ದೆಯಿಲ್ಲ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಹರಿಯುವ ನೇತ್ರಾವತಿ 1974ರಲ್ಲಿ ಬಂಟ್ವಾಳ ಪೇಟೆಯನ್ನು ಮುಳುಗಿಸಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 2019ರ ಆಗಸ್ಟ್‌ನಲ್ಲಿಯೂ ಈ ನದಿ ಉಕ್ಕಿ ಹರಿಯಿತು. ಎರಡೂ ನದಿಗಳ ಹುಟ್ಟು ಪಶ್ಚಿಮ ಘಟ್ಟದಲ್ಲಿ. ಆದ್ದರಿಂದ ನಮ್ಮ ಅಂಗಳದಲ್ಲಿ ಮಳೆ ನಿಂತಿದ್ದರೂ, ಘಟ್ಟದಲ್ಲಿ ಸುರಿದ ನೀರು ಕೆಲವು ಗಂಟೆಗಳ ನಂತರ ಬಂದು ಹೊಳೆ ಏರಬಹುದು. ನೆರೆ ನೋಡಲು ಮಕ್ಕಳನ್ನು ಕರೆದುಕೊಂಡು ದಡಕ್ಕೆ ಹೋಗುವವರು ಇದನ್ನು ಮರೆಯಬಾರದು.

ಹರಿವ ನೀರಿನ ಸೆಳೆತ

‘ಮೊಣಕಾಲಿನಷ್ಟೇ ನೀರು, ದಾಟಬಹುದು’ ಎಂಬ ಧೈರ್ಯವೇ ಹಲವರ ಪ್ರಾಣ ತೆಗೆದಿದೆ. ರಭಸವಾಗಿ ಹರಿಯುವ ನೀರು ಕೇವಲ 15 ಸೆಂಟಿಮೀಟರ್ ಆಳವಿದ್ದರೂ ವಯಸ್ಕರನ್ನು ಬೀಳಿಸಬಲ್ಲದು. 30 ಸೆಂಟಿಮೀಟರ್ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಸಂಕ ಮುಳುಗಿದ್ದರೆ ಕಾಲ್ನಡಿಗೆಯಲ್ಲಾಗಲಿ ವಾಹನದಲ್ಲಾಗಲಿ ದಾಟಬೇಡಿ. ಮನೆಯೊಳಗೆ ನೀರು ಬರುವ ಮೊದಲೇ ವಿದ್ಯುತ್ತಿನ ಮೇನ್ ಸ್ವಿಚ್ ಆರಿಸಿ. ನೀರಿನಲ್ಲಿ ನಿಂತು ಮಾತ್ರ ಅದನ್ನು ಮುಟ್ಟಬೇಡಿ. ಸ್ಥಳ ಬಿಡುವಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಮರೆಯದೆ ಜೊತೆಗೆ ಒಯ್ಯಿರಿ.

ಬಾವಿಯ ನೀರು

ನೆರೆ ಇಳಿದ ಮೇಲೆ ಬಾವಿಯ ನೀರು ತಿಳಿಯಾಗಿ ಕಂಡರೂ ನಂಬುವಂತಿಲ್ಲ. ಕಕ್ಕಸು ಗುಂಡಿ, ಹಟ್ಟಿಗಳ ಹೊಲಸು ಅದಕ್ಕೆ ಸೇರಿರುತ್ತದೆ. ಕೆಸರು ನೀರನ್ನು ಎತ್ತಿ ಹೊರಹಾಕಿ, ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪುಡಿ ಹಾಕಿಸಿ. ಮಾಮೂಲಿಗೆ ಸಾವಿರ ಲೀಟರ್ ನೀರಿಗೆ 2.5 ಗ್ರಾಂ ಪುಡಿ. ನೆರೆನೀರು ಸೇರಿದ ಬಾವಿಗೆ ಅದರ ಎರಡರಷ್ಟು. ಹಾಕಿದ ಮೇಲೆ ಕನಿಷ್ಠ ಒಂದು ಗಂಟೆ ಬಿಡಬೇಕು. ಅಳತೆ ಗೊತ್ತಾಗದಿದ್ದರೆ ನಿಮ್ಮೂರಿನ ಆರೋಗ್ಯ ಕಾರ್ಯಕರ್ತೆಯರನ್ನು ಕೇಳಿ. ಆಮೇಲೂ ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಭೇದಿಯಾದವರಿಗೆ ಒಂದು ಪೊಟ್ಟಣ ಓಆರ್‌ಎಸ್ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ, ಆಗಾಗ ಕೊಡಬೇಕು.

ಇಲಿಜ್ವರವನ್ನು ಮರೆಯದಿರಿ

ನೆರೆಯ ನಂತರ ನಾವು ವೈದ್ಯರು ಹೆಚ್ಚು ಅಂಜುವುದು ಇಲಿಜ್ವರಕ್ಕೆ. ಇಲಿ, ಹೆಗ್ಗಣ, ದನಕರುಗಳ ಮೂತ್ರದಿಂದ ನೀರು, ಕೆಸರು ಸೇರುವ ರೋಗಾಣುಗಳು ಕಾಲಿನ ಗಾಯ, ಒಡೆದ ಹಿಮ್ಮಡಿಗಳ ಮೂಲಕ ದೇಹ ಹೊಕ್ಕುತ್ತವೆ. 2018ರ ಕೇರಳದ ಮಹಾನೆರೆಯ ಬಳಿಕ ಈ ಜ್ವರ ಅಲ್ಲಿ ವ್ಯಾಪಕವಾಗಿ ಹರಡಿತ್ತು.

ಮನೆ, ತೋಟ ಶುಚಿ ಮಾಡುವಾಗ ಗಂಬೂಟು, ಕೈಗವಸು ಧರಿಸಿ. ಗಾಯವಿದ್ದರೆ ನೀರು ತಾಗದಂತೆ ಮುಚ್ಚಿ. ಕೆಲಸ ಮುಗಿದೊಡನೆ ಸಾಬೂನು ಹಚ್ಚಿ ತೊಳೆಯಿರಿ. ಮುನ್ನೆಚ್ಚರಿಕೆಯಾಗಿ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುವುದುಂಟು. ಆದರೆ ಅದನ್ನು ವೈದ್ಯರೇ ಹೇಳಬೇಕು. ಗರ್ಭಿಣಿಯರು, ಚಿಕ್ಕ ಮಕ್ಕಳಿಗೆ ಅದು ತಕ್ಕುದಲ್ಲ.

ನೀರಿಗಿಳಿದ ಐದರಿಂದ ಹದಿನಾಲ್ಕು ದಿನಗಳಲ್ಲಿ, ಕೆಲವೊಮ್ಮೆ ನಾಲ್ಕು ವಾರಗಳವರೆಗೂ, ಜ್ವರ ಕಾಣಿಸಬಹುದು. ಚಳಿ, ತಲೆನೋವು, ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು, ಕೆಂಪು ಕಣ್ಣು ಇದರ ಲಕ್ಷಣಗಳು. ‘ಮಳೆಯಲ್ಲಿ ನೆನೆದ ಜ್ವರ, ಕೆಸರಲ್ಲಿ ದುಡಿದ ಮೈಕೈನೋವು’ ಎಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಾ ಕುಳಿತವರಲ್ಲಿ ಕೆಲವರಿಗೆ ಕಣ್ಣು ಹಳದಿಯಾಗಿ, ಮೂತ್ರ ಕಡಿಮೆಯಾಗಿ, ಮೂತ್ರಪಿಂಡವೇ ಸೋಲುತ್ತದೆ. ಕೆಲವು ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಇನ್ನಷ್ಟು ಹಾನಿ ಮಾಡುತ್ತವೆ.

ಆರಂಭದ ದಿನಗಳಲ್ಲಿ ರಕ್ತಪರೀಕ್ಷೆಯಲ್ಲಿ ಈ ರೋಗ ಗೊತ್ತಾಗದೆಯೂ ಇರಬಹುದು. ಅದರ ಫಲಿತಾಂಶಕ್ಕೆ ಕಾಯದೆ ಚಿಕಿತ್ಸೆ ಆರಂಭಿಸಬೇಕಾದರೆ ವೈದ್ಯರಿಗೆ ನಿಮ್ಮಿಂದ ಒಂದು ಸುಳಿವು ಬೇಕು. ಬೇಗ ಬಂದವರಿಗೆ ಸಾಮಾನ್ಯ ಆ್ಯಂಟಿಬಯೋಟಿಕ್ ಔಷಧಗಳೇ ಸಾಕಾಗುತ್ತವೆ. ಹಾಗಾಗಿ ಈ ಮಳೆಗಾಲದಲ್ಲಿ ಮನೆಯಲ್ಲಿ ಯಾರಿಗೇ ಜ್ವರ ಬಂದರೂ ವೈದ್ಯರು ಕೇಳುವವರೆಗೆ ಕಾಯಬೇಡಿ. ‘ಡಾಕ್ಟ್ರೇ, ನಾನು ನೆರೆನೀರಿಗೆ ಇಳಿದಿದ್ದೆ’ ಎಂದು ಮೊದಲೇ ಹೇಳಿಬಿಡಿ.